ಸೋತ ಕೈಗೆ ವಿದ್ಯುತ್ತಿನ ನೆರವು

ಕಿಟ್ಟೆಲರ ಕನ್ನಡ ನಿಘಂಟು ೧೮೯೪ರಲ್ಲಿ ಅಚ್ಚಾದುದು ನಮ್ಮ ಮಂಗಳೂರಿನಲ್ಲಿಯೇ. ಆ ದೊಡ್ಡ ಹೊತ್ತಗೆಯನ್ನು ತೆರೆದು ‘ಕೈ’ ಎಂಬ ಒಂದಕ್ಷರದ ಮಾತನ್ನು ಹುಡುಕಿ ನೋಡಿರಿ. ಅದರ ಬೆನ್ನಿಗೆ ಮಾತುಗಳ ದೊಡ್ಡದೊಂದು ಪರಿವಾರವೇ ಸಾಲುಗಟ್ಟಿ ನಿಂತಿದೆ. ಕೆಲಸ ನೆರವೇರಿದರೆ ‘ಕೈಗೂಡಿತು’ ಎನ್ನುತ್ತೇವೆ. ಮದುವೆಯಾದರೆ ‘ಕೈಹಿಡಿದನು’ ಎನ್ನುತ್ತೇವೆ. ಶಕ್ತಿ ಮೀರಿದ್ದಾದರೆ ‘ಕೈಲಾಗದು’ ಎಂದು ಸುಮ್ಮನಾಗುತ್ತೇವೆ. ಮನುಷ್ಯನ ಬಾಳುವೆ ಕೈಯನ್ನು ಎಷ್ಟರಮಟ್ಟಿಗೆ ನೆಮ್ಮಿಕೊಂಡಿದೆ ಎಂಬುದನ್ನು ನಮ್ಮ ನುಡಿ ಬಹು ಹಿಂದೆಯೇ ಬಲ್ಲುದು.

ನಮ್ಮ ಊರಂತೂ ಕೈಕೆಲಸದಿಂದಲೇ ಬೆಳೆದ ಊರು. ೧೮೪೧ರಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯ ಇಲ್ಲಿ ಆರಂಭವಾಯಿತು. ಅಲ್ಲಿ ಒಂದೊಂದೇ ಅಚ್ಚುಮೊಳೆಯನ್ನು ಆಯ್ದು ಜೋಡಿಸಿದವು ಕೈಗಳು. ೧೮೬೫ರಲ್ಲಿ ಹಂಚಿನ ಕಾರ್ಖಾನೆ ಬಂತು. ಆವೆಯಿಂದ ಹಂಚು ತೆಗೆದು ಅಟ್ಟಿಯಿಟ್ಟವು ಕೈಗಳು. ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರ ಕೈ, ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ಕೈ, ಧಕ್ಕೆಯಲ್ಲಿ ಹರಿದ ಬಲೆಯನ್ನು ಹೆಣೆಯುವ ಕೈ, ಆಟದ ರಂಗಸ್ಥಳದಲ್ಲಿ ಚೆಂಡೆ ಬಾರಿಸುವ ಕೈ – ಇವೆಲ್ಲ ಅನ್ನ ಕೊಡುವ ಕೈಗಳು. ಇಂಥ ಕೈ ಒಂದು ದಿನ ಬೆಳಗ್ಗೆ ಏಳುವಾಗ ಮರದ ಕೊರಡಿನಂತೆ ಹಾಸಿಗೆಯ ಮೇಲೆ ಬಿದ್ದಿದ್ದರೆ? ಆ ಮನೆಯ ಸಂಕಟ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಪಾರ್ಶ್ವವಾಯುವಿನಿಂದ ಕೈ ಸೋತವರ ಮನೆಯವರು ಆಸ್ಪತ್ರೆಯ ಮೊಗಸಾಲೆಯಲ್ಲಿ ಕೇಳುವ ಪ್ರಶ್ನೆ ಒಂದೇ: “ಕರೆಂಟು ಕೊಟ್ಟರೆ ಕೈ ಬರುತ್ತದೆಯೇ?” ಈ ಪ್ರಶ್ನೆ ಹೊಸದೆಂದು ನೀವು ಬಗೆದಿದ್ದರೆ ಅದು ಸರಿಯಲ್ಲ. ಇದಕ್ಕೆ ಇನ್ನೂರೆಪ್ಪತ್ತು ವರ್ಷಗಳಿಗೂ ಮಿಕ್ಕ ವಯಸ್ಸಾಗಿದೆ. ಇದಕ್ಕೆ ಉತ್ತರ ಹುಡುಕಿದವರ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ. ಕಥೆಯ ಕೊನೆಗೆ ನಿಮ್ಮ ಕೈಗೆ ಸಿಕ್ಕುವ ಉತ್ತರ ‘ಹೌದು’ ಎಂದೂ ಅಲ್ಲ, ‘ಇಲ್ಲ’ ಎಂದೂ ಅಲ್ಲ. ಅದಕ್ಕಿಂತ ಉಪಯುಕ್ತವಾದ ಇನ್ನೊಂದು.

ಮೊದಲು ರೋಗದ ಹೆಸರನ್ನು ನೋಡೋಣ. ‘ಪಾರ್ಶ್ವ’ವೆಂದರೆ ಪಕ್ಕ, ಮೈಯ ಒಂದು ಪಕ್ಕಕ್ಕೆ ವಾಯು ಬಡಿಯಿತೆಂಬುದು ಈ ಹೆಸರಿನ ಅಭಿಪ್ರಾಯ. ಸುಶ್ರುತನು ಇದನ್ನು ಪಕ್ಷಾಘಾತವೆಂದನು. ಚರಕಸಂಹಿತೆಯಲ್ಲಿ ಪಕ್ಷವಧವೆಂಬ ಹೆಸರೂ ಉಂಟು. ಇಬ್ಬರೂ ಇದನ್ನು ವಾತವ್ಯಾಧಿಗಳಲ್ಲಿ ಸೇರಿಸಿ ಸ್ನೇಹ, ಸ್ವೇದ, ವಿರೇಚನಾದಿಗಳನ್ನು ಹೇಳಿದ್ದಾರೆ. ಆಡುಮಾತಿನ ‘ಲಕ್ವ’ ಅರಬೀ ವೈದ್ಯರ ಮಾತು; ಅವರಲ್ಲಿ ಅದು ಮುಖ ಸೊಟ್ಟಗಾಗುವ ರೋಗಕ್ಕೆ ಸಂದ ಹೆಸರು. ಇವುಗಳಲ್ಲಿ ಯಾವ ಹೆಸರೂ ರೋಗದ ಮೂಲಸ್ಥಾನವನ್ನು ತೋರಿಸುವುದಿಲ್ಲ. ಸೋತದ್ದು ಕೈ; ಆದರೆ ಕೆಟ್ಟದ್ದು ಕೈಯಲ್ಲ. ಮಿದುಳಿಗೆ ರಕ್ತವೊಯ್ಯುವ ನಾಳವೊಂದು ಕಟ್ಟಿಕೊಂಡು, ಇಲ್ಲವೇ ಒಡೆದು, ಮಿದುಳಿನ ಒಂದು ಭಾಗ ನಾಶವಾಗಿರುತ್ತದೆ. ಎಡಮಿದುಳಿಗೆ ಪೆಟ್ಟಾದರೆ ಬಲಗೈ, ಬಲಮಿದುಳಿಗೆ ಪೆಟ್ಟಾದರೆ ಎಡಗೈ ಸೋಲುವುದು.

ಇದನ್ನು ನಮ್ಮ ಮನೆಯ ದೀಪದ ದೃಷ್ಟಾಂತದಿಂದ ತಿಳಿಯಬಹುದು. ಊರಿನ ಸಬ್‌ಸ್ಟೇಶನ್ನು ಕೆಟ್ಟರೆ ಮನೆಯ ಬಲ್ಬು ಉರಿಯುವುದಿಲ್ಲ. ಆದರೆ ಬಲ್ಬು ಕೆಟ್ಟಿಲ್ಲ, ಮನೆಯೊಳಗಿನ ತಂತಿಯೂ ತುಂಡಾಗಿಲ್ಲ. ಆ ತಂತಿಗೆ ಒಂದು ಬ್ಯಾಟರಿಯಿಂದ ವಿದ್ಯುತ್ತು ಹರಿಸಿದರೆ ದೀಪ ಬೆಳಗುವುದು. ಮಿದುಳು ಸಬ್‌ಸ್ಟೇಶನ್ನಿನಂತೆ, ಬೆನ್ನುಹುರಿಯಿಂದ ಕೈಗೆ ಇಳಿಯುವ ನರ ಮನೆಯ ತಂತಿಯಂತೆ, ಸ್ನಾಯು ಬಲ್ಬಿನಂತೆ. ಪಾರ್ಶ್ವವಾಯುವಿನಲ್ಲಿ ತಂತಿಯೂ ಬಲ್ಬೂ ಉಳಿದಿರುತ್ತವೆ. ಪೋಲಿಯೋ ರೋಗದಲ್ಲಿ ಹಾಗಲ್ಲ. ಅಲ್ಲಿ ಬೆನ್ನುಹುರಿಯಲ್ಲಿರುವ ನರದ ಬೇರೇ ಸಾಯುವುದರಿಂದ ತಂತಿಯೇ ಇಲ್ಲದಂತಾಗುತ್ತದೆ. ಆದುದರಿಂದಲೇ ಹೊರಗಿನಿಂದ ಕೊಟ್ಟ ಅಲ್ಪ ವಿದ್ಯುತ್ತಿಗೆ ಪಾರ್ಶ್ವವಾಯುವಿನ ಕೈ ಸುಲಭವಾಗಿ ಓಗೊಡುತ್ತದೆ. ಈ ಒಂದು ಸಂಗತಿಯೇ ಮುಂದಿನ ಕಥೆಗೆಲ್ಲ ತಳಹದಿ.

ವೈದ್ಯದಲ್ಲಿ ವಿದ್ಯುತ್ತಿನ ಮೊದಲ ಪ್ರಯೋಗ ಯಂತ್ರದಿಂದಾದುದಲ್ಲ, ಮೀನಿನಿಂದಾದುದು. ನಮ್ಮ ಧಕ್ಕೆಗೆ ಬರುವ ತೊರಕೆ ಮೀನನ್ನು ನೀವು ಬಲ್ಲಿರಿ. ಅದರ ದಾಯಾದಿ ಮೀನೊಂದುಂಟು. ಮುಟ್ಟಿದವರ ಕೈಯನ್ನು ಜೋಮು ಹಿಡಿಸುವ ವಿದ್ಯುತ್ತು ಅದರ ಮೈಯಲ್ಲಿಯೇ ಹುಟ್ಟುತ್ತದೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸನು ಈ ಮೀನನ್ನು ಜೀವಂತವಾಗಿ ತಂದು, ತಲೆನೋವಿನವರ ಹಣೆಗೂ ಸಂಧಿವಾತದವರ ಕಾಲಡಿಗೂ ಇಡಲು ಹೇಳಿದನು. ನೋವು ಮರೆಯಾಗುವವರೆಗೆ ಅಂಗ ಜೋಮು ಹಿಡಿಯಬೇಕೆಂಬುದು ಆತನ ಕ್ರಮ. ಅದು ವಿದ್ಯುತ್ತೆಂದು ಅಂದು ಯಾರೂ ಅರಿಯರು.

ಮುಂದೆ ಹದಿನೇಳು ನೂರು ವರ್ಷಗಳು ಕಳೆದವು. ೧೭೪೫–೪೬ರ ಸುಮಾರಿಗೆ ಯೂರೋಪಿನಲ್ಲಿ ‘ಲೈಡನ್ ಜಾಡಿ’ ಎಂಬ ಸಾಧನ ಹುಟ್ಟಿತು. ಗಾಜಿನ ಜಾಡಿಯ ಒಳಗೂ ಹೊರಗೂ ಲೋಹದ ಹಾಳೆ. ಉಜ್ಜುವ ಯಂತ್ರದಿಂದ ಹುಟ್ಟಿದ ವಿದ್ಯುತ್ತನ್ನು ಅದರಲ್ಲಿ ಕೂಡಿಡಬಹುದು, ಬೇಕಾದಾಗ ಒಂದೇ ಏಟಿಗೆ ಬಿಡಬಹುದು. ಅದರ ಏಟು ತಿಂದವರ ಕೈ ತಾನಾಗಿ ಸೆಟೆಯುತ್ತಿತ್ತು. ಇಚ್ಛೆಯಿಲ್ಲದೆ ಕೈ ಸೆಟೆಯುವುದನ್ನು ಕಂಡವರಿಗೆ ಇಚ್ಛೆಯಿದ್ದರೂ ಆಡದ ಕೈಯ ನೆನಪಾದುದು ಸಹಜವಲ್ಲವೆ?

ಜಿನೀವಾ ನಗರದ ಜಾಲಬೇರ್ ಎಂಬ ವಿದ್ವಾಂಸನು ಬೀಗ ಮಾಡುವ ಕಸುಬಿನವನೊಬ್ಬನನ್ನು ಆರಿಸಿಕೊಂಡನು. ಆತನ ಬಲಗೈ ವರ್ಷಗಟ್ಟಲೆಯಿಂದ ಸೋತು ಬಿದ್ದಿತ್ತು. ೧೭೪೭ರ ಕೊನೆಯಲ್ಲಿ ಆರಂಭಿಸಿ, ವಾರಗಟ್ಟಲೆ ಆ ತೋಳಿನ ಸ್ನಾಯುಗಳಿಂದ ಕಿಡಿಗಳನ್ನು ಸೆಳೆದನು. ಕಿಡಿ ಹಾರಿದಾಗಲೆಲ್ಲ ಸ್ನಾಯು ಮಿಡಿಯಿತು. ಕ್ರಮೇಣ ಕೈ ಆಡಿತೆಂದು ೧೭೪೮ರಲ್ಲಿ ಪುಸ್ತಕವನ್ನೇ ಬರೆದನು. ಸುದ್ದಿ ಯೂರೋಪಿನಲ್ಲೆಲ್ಲ ಹರಡಿತು. ಆದರೆ ಪ್ಯಾರಿಸಿನ ನೊಲ್ಲೆ ಎಂಬ ಪಾದ್ರಿ–ವಿಜ್ಞಾನಿ ಅದೇ ಪ್ರಯೋಗವನ್ನು ಪಾರ್ಶ್ವವಾಯು ಪೀಡಿತ ಸೈನಿಕರ ಮೇಲೆ ಮಾಡಿ ನೋಡಿದಾಗ ಅಂಥ ಫಲವೇನೂ ಕಾಣಲಿಲ್ಲ. ಒಬ್ಬನಿಗೆ ಫಲಿಸಿದ್ದು ಇನ್ನೊಬ್ಬನಿಗೆ ಏಕೆ ಫಲಿಸಲಿಲ್ಲ ಎಂಬ ಒಗಟು ಅಂದೇ ಹುಟ್ಟಿತು.

ಆ ಒಗಟಿಗೆ ಅತ್ಯಂತ ಪ್ರಾಮಾಣಿಕವಾದ ಉತ್ತರ ಬಂದುದು ಅಮೆರಿಕದಿಂದ. ಗುಡುಗುಮೋಡದಲ್ಲಿ ಗಾಳಿಪಟ ಹಾರಿಸಿದ ಬೆಂಜಮಿನ್ ಫ್ರಾಂಕ್ಲಿನನ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಪತ್ರಿಕೆಗಳಲ್ಲಿ ಈ ಚಿಕಿತ್ಸೆಯ ಸುದ್ದಿ ಬಂದಾಗ ಪೆನ್ಸಿಲ್ವೇನಿಯಾ ಪ್ರಾಂತದ ನಾನಾ ಕಡೆಗಳಿಂದ ಪಾರ್ಶ್ವವಾಯು ರೋಗಿಗಳನ್ನು ಆತನ ಬಳಿಗೆ ಕರೆತಂದರು. ಆತನು ವೈದ್ಯನಲ್ಲ, ಆದರೂ ಬಂದವರನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ದೊಡ್ಡ ಗಾಜಿನ ಜಾಡಿಗಳೆರಡನ್ನು ತುಂಬಿ ಸೋತ ಅಂಗದ ಮೂಲಕ ದಿನಕ್ಕೆ ಸಾಮಾನ್ಯವಾಗಿ ಮೂರು ಸಲ ಏಟು ಕೊಟ್ಟನು. ೧೭೫೭ನೆಯ ಡಿಸೆಂಬರ್ ೨೧ರಂದು ಡಾಕ್ಟರ್ ಜಾನ್ ಪ್ರಿಂಗಲನಿಗೆ ಬರೆದ ಕಾಗದದಲ್ಲಿ ತಾನು ಕಂಡುದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ.

ಅದರ ಸಾರಾಂಶವಿಷ್ಟು. ಏಟು ಬಿದ್ದೊಡನೆ ಅಂಗ ಬೆಚ್ಚಗಾಗುತ್ತಿತ್ತು. ರಾತ್ರಿ ಚುಚ್ಚಿದಂತೆ ಆಯಿತೆಂದು ಮರುದಿನ ರೋಗಿಗಳು ಹೇಳುತ್ತಿದ್ದರು. ಮೊದಲ ದಿನ ತೊಡೆಯ ಮೇಲಿಂದ ಕೈಯೆತ್ತಲಾಗದವನು ಮರುದಿನ ನಾಲ್ಕೈದು ಅಂಗುಲ ಎತ್ತುವನು. ಮೂರನೆಯ ದಿನ ಇನ್ನಷ್ಟು. ಐದನೆಯ ದಿನಕ್ಕೆ ನಿತ್ರಾಣವಾಗಿಯಾದರೂ ತಲೆಯ ಟೊಪ್ಪಿಯನ್ನು ತೆಗೆಯಬಲ್ಲವನಾಗುವನು. ಇದನ್ನು ಕಂಡು ರೋಗಿಗೂ ಫ್ರಾಂಕ್ಲಿನನಿಗೂ ಸಂತೋಷವೋ ಸಂತೋಷ. ಆದರೆ ಐದನೆಯ ದಿನದ ಮುಂದೆ ಏಳಿಗೆಯೇ ಇಲ್ಲ! ರೋಗಿಗಳು ಬೇಸತ್ತು ಊರಿಗೆ ಮರಳುವರು. ಕೆಲದಿನಗಳಲ್ಲಿ ಕೈ ಮೊದಲಿನಂತೆಯೇ ಬೀಳುವುದು. ಶಾಶ್ವತವಾದ ಲಾಭವನ್ನು ತಾನು ಒಬ್ಬರಲ್ಲಿಯೂ ಕಾಣಲಿಲ್ಲವೆಂದು ಆತನು ಒಪ್ಪಿಕೊಂಡಿದ್ದಾನೆ.

ಆತನು ಇಷ್ಟಕ್ಕೇ ನಿಲ್ಲಲಿಲ್ಲ. ಮೊದಮೊದಲು ಕಂಡ ಆ ಅಲ್ಪ ಲಾಭವಾದರೂ ವಿದ್ಯುತ್ತಿನದೋ, ಅಥವಾ ದಿನವೂ ತನ್ನ ಮನೆಯವರೆಗೆ ನಡೆದು ಬಂದ ವ್ಯಾಯಾಮದ್ದೋ, ಗುಣವಾಗುವೆನೆಂಬ ಆಸೆಯಿಂದ ರೋಗಿ ತಾನೇ ಹೆಚ್ಚು ಪ್ರಯತ್ನಿಸಿದುದರದ್ದೋ ಎಂದು ಸಂದೇಹಪಟ್ಟನು. ನುರಿತ ವೈದ್ಯನ ಕೈಕೆಳಗೆ, ತಕ್ಕ ಔಷಧ ಪಥ್ಯಗಳೊಡನೆ, ಸಣ್ಣ ಸಣ್ಣ ಏಟುಗಳನ್ನು ಹಲವು ಸಲ ಕೊಟ್ಟಿದ್ದರೆ ಫಲ ಬೇರೆಯಾಗುತ್ತಿತ್ತೋ ಏನೋ ಎಂದೂ ಸೂಚಿಸಿದನು. ವಾಚಕರೇ, ಈ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ಇನ್ನೂರೈವತ್ತು ವರ್ಷಗಳ ವಿದ್ಯೆ ಈ ಸಂದೇಹದ ಸುತ್ತಲೇ ಬೆಳೆಯಿತು.

ಬೊಲೋನ್ಯಾ ನಗರದ ಗ್ಯಾಲ್ವಾನಿ ಕಪ್ಪೆಯ ಕಾಲಿನ ಸ್ನಾಯು ವಿದ್ಯುತ್ತಿನಿಂದ ಮಿಡಿಯುವುದನ್ನು ಶೋಧಿಸಿ ೧೭೯೧ರಲ್ಲಿ ಪ್ರಕಟಿಸಿದನು. ನರದಲ್ಲಿ ಸಂಚರಿಸುವ ಪ್ರೇರಣೆಯೂ ಒಂದು ಬಗೆಯ ವಿದ್ಯುತ್ತೇ ಎಂಬ ತಿಳಿವಿಗೆ ಇದು ನಾಂದಿ. ೧೮೦೦ರಲ್ಲಿ ವೋಲ್ಟಾ ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಕೊಡುವ ಬ್ಯಾಟರಿಯನ್ನು ರಚಿಸಿದನು. ೧೮೩೧ರಲ್ಲಿ ಫ್ಯಾರಡೆ ಅಯಸ್ಕಾಂತದ ನೆರವಿನಿಂದ ವಿದ್ಯುತ್ತು ಹುಟ್ಟಿಸುವ ಬಗೆಯನ್ನು ತೋರಿಸಿದನು. ಅದರಿಂದ ಹುಟ್ಟಿದ ಸುರುಳಿಯಂತ್ರ ಬಿಡಿಬಿಡಿಯಾಗಿ ಬೇಗಬೇಗನೆ ಬರುವ ಸಣ್ಣ ಮಿಡಿತಗಳನ್ನು ಕೊಟ್ಟಿತು. ಲೈಡನ್ ಜಾಡಿಯ ಏಟು ಸಿಡಿಲಿನಂತಿದ್ದರೆ ಇದು ಜಿಟಿಜಿಟಿ ಮಳೆಯಂತಿತ್ತು. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ‘ಗ್ಯಾಲ್ವನಿಕ್’, ‘ಫ್ಯಾರಡಿಕ್’ ಎಂಬ ಹೆಸರುಗಳನ್ನು ನೀವು ಕೇಳಬಹುದು.

ಈ ಸುರುಳಿಯಂತ್ರವನ್ನು ಹೊತ್ತುಕೊಂಡು ಪ್ಯಾರಿಸಿನ ಆಸ್ಪತ್ರೆಗಳನ್ನು ಸುತ್ತಿದವನು ದ್ಯೂಶೆನ್. ಒದ್ದೆಯಾದ ಎರಡು ವಿದ್ಯುದಗ್ರಗಳನ್ನು ಚರ್ಮದ ಮೇಲಿಟ್ಟು, ಬೇಕಾದ ಒಂದೇ ಒಂದು ಸ್ನಾಯುವನ್ನು ಕುಣಿಸುವ ವಿದ್ಯೆಯನ್ನು ಆತನು ಸಾಧಿಸಿದನು. ೧೮೫೫ರಲ್ಲಿ ಅದರ ಮೇಲೆ ದೊಡ್ಡ ಗ್ರಂಥವನ್ನು ಬರೆದನು. ಕೆಲವು ಗೊತ್ತಾದ ಸ್ಥಳಗಳಲ್ಲಿ ಇಟ್ಟರೆ ಮಾತ್ರ ಸ್ನಾಯು ಚೆನ್ನಾಗಿ ಓಗೊಡುವುದೇಕೆ ಎಂಬುದನ್ನು ಜರ್ಮನಿಯ ರೇಮಾಕನು ವಿವರಿಸಿದನು: ನರವು ಸ್ನಾಯುವನ್ನು ಹೊಗುವ ಬಾಗಿಲೇ ಆ ಸ್ಥಳ. ಜೀಮ್ಸೆನ್ ಎಂಬ ವೈದ್ಯನು ಶವಚ್ಛೇದದಿಂದ ಈ ಬಾಗಿಲುಗಳನ್ನು ಖಚಿತಪಡಿಸಿ ೧೮೫೭ರಲ್ಲಿ ನಕ್ಷೆಗಳನ್ನು ಪ್ರಕಟಿಸಿದನು. ಮಂಗಳೂರಿನ ಭೌತಚಿಕಿತ್ಸೆಯ ವಿದ್ಯಾರ್ಥಿ ಇಂದು ಮುಂಗೈಯ ಮೇಲೆ ವಿದ್ಯುದಗ್ರವನ್ನು ಇಡುವುದು ಈ ನಕ್ಷೆಗಳ ಸಂತತಿಯನ್ನು ನೋಡಿಕೊಂಡೇ.

ಒಳ್ಳೆಯ ವಿದ್ಯೆಯ ಬೆನ್ನಿಗೆ ಕಪಟವೂ ಬರುವುದು ಲೋಕರೂಢಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ಯುತ್ ಸರಪಳಿ, ವಿದ್ಯುತ್ ನಡುಪಟ್ಟಿಗಳ ಜಾಹೀರಾತುಗಳು ಪತ್ರಿಕೆಗಳನ್ನು ತುಂಬಿದವು. ಪಾರ್ಶ್ವವಾಯುವಿನಿಂದ ಅಜೀರ್ಣದವರೆಗೆ ಎಲ್ಲವನ್ನೂ ಗುಣಪಡಿಸುವೆವೆಂದು ಅವು ಸಾರಿದವು. ಇದರ ಫಲವಾಗಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಲ್ಲ ವೈದ್ಯರು ಇಡೀ ವಿದ್ಯುಚ್ಚಿಕಿತ್ಸೆಯನ್ನೇ ಅನುಮಾನದಿಂದ ನೋಡತೊಡಗಿದರು. ಕಳೆಯೊಡನೆ ಬೆಳೆಯೂ ಬಾಡಿತು.

ಅದಕ್ಕೆ ಮರುಜೀವ ಬಂದುದು ಭೌತಚಿಕಿತ್ಸೆ ಒಂದು ಶಾಸ್ತ್ರವಾಗಿ ಬೆಳೆದಾಗ. ಮಹಾಯುದ್ಧಗಳಲ್ಲಿ ಅಂಗ ಸೋತ ಸೈನಿಕರು, ಪೋಲಿಯೋದಿಂದ ಕುಂಟಾದ ಮಕ್ಕಳು – ಇವರ ಸಲುವಾಗಿ ಈ ಶಾಸ್ತ್ರ ಬೆಳೆಯಿತು. ನಮ್ಮ ದೇಶದಲ್ಲಿ ೧೯೫೦ರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ಆರಂಭವಾಯಿತು. ೧೯೫೫ರಲ್ಲಿ ಭಾರತೀಯ ಭೌತಚಿಕಿತ್ಸಕರ ಸಂಘ ಸ್ಥಾಪನೆಗೊಂಡಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ಊರಿನ ವೈದ್ಯವಿದ್ಯೆಯೂ ಹೊಸ ಮಜಲನ್ನು ತಲುಪಿತು. ೧೮೪೮ರಿಂದ ನಡೆದು ಬಂದಿದ್ದ ವೆನ್ಲಾಕ್ ಆಸ್ಪತ್ರೆ, ಡಾ. ಟಿ. ಎಂ. ಎ. ಪೈಗಳು ೧೯೫೩ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಿಗೆ ಪಾಠಶಾಲೆಯಾಯಿತು. ೧೮೮೦ರಲ್ಲಿ ಫಾದರ್ ಮುಲ್ಲರರು ಕಂಕನಾಡಿಯಲ್ಲಿ ನೆಟ್ಟ ಚಿಕ್ಕ ಔಷಧಾಲಯವೂ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ಈಗ ಕಂಕನಾಡಿ, ದೇರಳಕಟ್ಟೆ ಮೊದಲಾದೆಡೆ ಭೌತಚಿಕಿತ್ಸೆಯನ್ನೇ ಕಲಿಸುವ ಕಾಲೇಜುಗಳಿವೆ.

ಇನ್ನೊಂದು ನೆರವು ಬಂದುದು ನಿಮ್ಮ ರೇಡಿಯೋದ ಕಡೆಯಿಂದ. ೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಮೇಜಿನ ತುಂಬ ಕೂರುತ್ತಿದ್ದ ವಾಲ್ವಿನ ರೇಡಿಯೋವನ್ನು ಅಂಗೈಯಗಲಕ್ಕೆ ಇಳಿಸಿದ ಈ ವಸ್ತುವೇ ವಿದ್ಯುಚ್ಚಿಕಿತ್ಸೆಯ ಯಂತ್ರವನ್ನೂ ಜೇಬಿಗೆ ಇಳಿಸಿತು. ೧೯೬೧ರಲ್ಲಿ ಲೈಬರ್ಸನ್ ಎಂಬ ವೈದ್ಯನೂ ಆತನ ಜೊತೆಗಾರರೂ ಪಾರ್ಶ್ವವಾಯುವಿನಿಂದ ಪಾದ ಜೋತುಬಿದ್ದವರಿಗಾಗಿ ಒಂದು ಯುಕ್ತಿಯನ್ನು ಪ್ರಕಟಿಸಿದರು. ಪಾದರಕ್ಷೆಯ ಹಿಮ್ಮಡಿಯಲ್ಲಿ ಒಂದು ಗುಂಡಿ. ಹಿಮ್ಮಡಿ ನೆಲ ಬಿಟ್ಟೊಡನೆ ಮೊಣಕಾಲಿನ ಕೆಳಗಿನ ನರಕ್ಕೆ ವಿದ್ಯುತ್ತು ಹರಿದು ಪಾದ ಮೇಲೇಳುವುದು. ಸ್ನಾಯುವನ್ನು ಸುಮ್ಮನೆ ಕುಣಿಸುವುದಲ್ಲ, ಬೇಕಾದ ಕೆಲಸದ ಹೊತ್ತಿಗೆ ಸರಿಯಾಗಿ ಕುಣಿಸುವುದು – ಇದು ಹೊಸ ವಿಚಾರ. ಇನ್ನೊಂದು ಸೋಜಿಗವನ್ನೂ ಆತನು ಕಂಡನು: ಯಂತ್ರವನ್ನು ತೆಗೆದ ಬಳಿಕವೂ ಕೆಲವರು ಸ್ವಲ್ಪ ಹೊತ್ತು ಪಾದವನ್ನು ತಾವಾಗಿ ಎತ್ತುತ್ತಿದ್ದರು. ಅಂದಮೇಲೆ ವಿದ್ಯುತ್ತು ಸ್ನಾಯುವಿಗೆ ಮಾತ್ರವಲ್ಲ, ಮಿದುಳಿಗೂ ಏನೋ ಹೇಳಿದಂತಾಯಿತು.

ಕಾಲಿನ ಮಾತಾಯಿತು, ಕೈಯ ಮಾತು ಅಷ್ಟು ಸುಲಭವಲ್ಲ. ಒಂದು ಕೈಯಲ್ಲಿ ಇಪ್ಪತ್ತೇಳು ಎಲುಬುಗಳು. ಅದನ್ನಾಡಿಸುವ ಸ್ನಾಯುಗಳು ಮೂವತ್ತಕ್ಕೂ ಮಿಗಿಲು. ಕಾಲು ನಡೆಯುವುದೊಂದನ್ನೇ ಮಾಡುವುದು. ಕೈ ಮಾಡದ ಕೆಲಸವಿಲ್ಲ. ಸಾಲದುದಕ್ಕೆ, ಪಾರ್ಶ್ವವಾಯುವಾದ ವಾರಗಳ ತರುವಾಯ ಕೈಯನ್ನು ಮುಚ್ಚುವ ಸ್ನಾಯುಗಳು ಬಿಗಿಯತೊಡಗುತ್ತವೆ. ಬಿಚ್ಚುವ ಸ್ನಾಯುಗಳು ಸೋತೇ ಇರುತ್ತವೆ. ಮುಷ್ಟಿ ಕಟ್ಟಿಕೊಂಡೇ ಉಳಿಯುತ್ತದೆ. ಆದುದರಿಂದ ವಿದ್ಯುದಗ್ರಗಳನ್ನು ಹೆಚ್ಚಾಗಿ ಮುಂಗೈಯ ಹಿಂಬದಿಗೆ, ಮಣಿಕಟ್ಟನ್ನೂ ಬೆರಳುಗಳನ್ನೂ ಬಿಚ್ಚುವ ಸ್ನಾಯುಗಳ ಮೇಲೆ ಇಡುತ್ತಾರೆ. ಅಮೆರಿಕದ ಕ್ಲೀವ್‌ಲೆಂಡ್, ಯೂರೋಪಿನ ಲ್ಯೂಬ್ಲ್ಯಾನ ಮೊದಲಾದ ನಗರಗಳಲ್ಲಿ ೧೯೬೦ರ ದಶಕದಿಂದ ಎಂಜಿನಿಯರರೂ ವೈದ್ಯರೂ ಕೂಡಿ ಈ ಕೆಲಸವನ್ನು ಮುಂದುವರಿಸಿದರು.

ಈಗ ಬಳಸುವ ವಿದ್ಯುತ್ತು ಎಷ್ಟು? ಮನೆಯ ಗೋಡೆಯಲ್ಲಿರುವುದು ೨೩೦ ವೋಲ್ಟಿನ ವಿದ್ಯುತ್ತು. ಅದು ಪ್ರಾಣ ತೆಗೆಯಬಲ್ಲುದು. ಚಿಕಿತ್ಸೆಯ ಪೆಟ್ಟಿಗೆ ಸಣ್ಣ ಬ್ಯಾಟರಿಯಿಂದಲೂ ನಡೆಯುವುದು. ಸೆಕೆಂಡಿಗೆ ಸುಮಾರು ೨೦ರಿಂದ ೫೦ ಮಿಡಿತಗಳು. ಒಂದೊಂದು ಮಿಡಿತವೂ ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಎರಡು ಮೂರು ಭಾಗದಷ್ಟು ಹೊತ್ತು. ಬಲ ಆಂಪಿಯರಿನ ಸಾವಿರದ ಲೆಕ್ಕದಲ್ಲಿ. ಕೆಲವು ಸೆಕೆಂಡು ಹರಿಸಿ, ಕೆಲವು ಸೆಕೆಂಡು ನಿಲ್ಲಿಸುತ್ತಾರೆ. ಏಕೆಂದರೆ ವಿದ್ಯುತ್ತು ಒಂದೇ ಗುಂಪಿನ ಎಳೆಗಳನ್ನು ಮತ್ತೆ ಮತ್ತೆ ಒಟ್ಟಿಗೇ ದುಡಿಸುವುದರಿಂದ ಸ್ನಾಯು ಬೇಗ ಬಳಲುವುದು. ಮನೋರೋಗಕ್ಕೆ ಕೊಡುವ ‘ಶಾಕ್’ ಚಿಕಿತ್ಸೆಗೂ ಇದಕ್ಕೂ ಏನೂ ಸಂಬಂಧವಿಲ್ಲ. ಎರಡನ್ನೂ ಜನ ‘ಕರೆಂಟು ಕೊಡುವುದು’ ಎಂದೇ ಕರೆಯುವುದರಿಂದ ಎಷ್ಟೋ ಹಿರಿಯರು ಸುಮ್ಮನೆ ಹೆದರುತ್ತಾರೆ. ಇಲ್ಲಿ ಇರುವೆ ಹರಿದಂತಾಗುವುದೇ ಹೊರತು ಬೇರೇನಿಲ್ಲ.

ಇನ್ನು ಫ್ರಾಂಕ್ಲಿನನ ಸಂದೇಹಕ್ಕೆ ಬರೋಣ. ಗುಣ ಕೊಡುವುದು ವಿದ್ಯುತ್ತೋ, ರೋಗಿಯ ಪ್ರಯತ್ನವೋ? ನಮ್ಮಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ಬಗೆಯನ್ನು ನೆನೆಯಿರಿ. ಹರಿವಾಣದಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ಹಿರಿಯರು ‘ಅ’ ಎಂದು ಬರೆಸುತ್ತಾರೆ. ಬೆರಳು ಬರೆಯಿತು ನಿಜ, ಮಗು ಬರೆಯಿತೆ? ಅದರ ಮನಸ್ಸು ಬೀದಿಯ ಕಡೆ ಇದ್ದರೆ ನೂರು ಸಲ ಬರೆಸಿದರೂ ಅಕ್ಷರ ಹತ್ತದು. ಮಗು ತಾನೂ ಬೆರಳನ್ನು ನೂಕಲು ಹೊರಟ ಗಳಿಗೆಯಲ್ಲಿ ಹಿರಿಯರ ಕೈ ಆಸರೆಯಾದರೆ ಅಕ್ಷರ ಬೇಗ ಹತ್ತುವುದು. ಆಮೇಲೆ ಆಸರೆಯೂ ಬೇಡ. ವಿದ್ಯುತ್ತು ಆ ಹಿರಿಯರ ಕೈಯಿದ್ದಂತೆ. ಪೆಟ್ಟಾದ ಮಿದುಳಿನಲ್ಲಿ ಉಳಿದ ಭಾಗಗಳು ಹೊಸ ದಾರಿಗಳನ್ನು ಕಲಿಯಬಲ್ಲವು. ಆದರೆ ಕಲಿಯುವುದು ಅವು ದುಡಿದಾಗ ಮಾತ್ರ.

ಈ ವಿಚಾರವನ್ನು ಯಂತ್ರಕ್ಕೂ ಕಲಿಸಿದ್ದಾರೆ. ಒಂದು ಬಗೆಯ ಯಂತ್ರ ಸುಮ್ಮನೆ ಹೊತ್ತಿಗೆ ಸರಿಯಾಗಿ ಮಿಡಿಯುತ್ತಿರುತ್ತದೆ. ಇನ್ನೊಂದು ಬಗೆಯದು ಕಾದುಕೊಂಡಿರುತ್ತದೆ. ರೋಗಿ ಕೈ ಬಿಚ್ಚಲು ಯತ್ನಿಸಿದಾಗ ಸ್ನಾಯುವಿನಲ್ಲಿ ಏಳುವ, ಕಣ್ಣಿಗೆ ಕಾಣದ ವಿದ್ಯುತ್ ಸುಳಿವನ್ನು ಹಿಡಿದು, ಆಗ ಮಾತ್ರ ನೆರವು ಕೊಡುತ್ತದೆ. ಮೂರನೆಯದು ಇನ್ನೂ ಜಾಣತನದ್ದು: ರೋಗಿ ಒಳ್ಳೆಯ ಕೈಗೆ ಒಂದು ಕೈಗವಸನ್ನು ತೊಟ್ಟು ಅದನ್ನು ಎಷ್ಟು ಬಿಚ್ಚುವನೋ, ಸೋತ ಕೈಯನ್ನೂ ಯಂತ್ರ ಅಷ್ಟೇ ಬಿಚ್ಚಿಸುವುದು. ೨೦೧೬ರಲ್ಲಿ ಕ್ಲೀವ್‌ಲೆಂಡಿನವರು ಪ್ರಕಟಿಸಿದ ಪರೀಕ್ಷೆಯಲ್ಲಿ, ರೋಗವಾಗಿ ಆರು ತಿಂಗಳು ಮೀರಿ ಹೋಗಿದ್ದ ೮೦ ಮಂದಿಯನ್ನು ಎರಡು ಪಂಗಡ ಮಾಡಿ, ೧೨ ವಾರ ಚಿಕಿತ್ಸೆ ನಡೆಸಿದರು. ಒಂದು ನಿಮಿಷದಲ್ಲಿ ಎಷ್ಟು ಮರದ ತುಂಡುಗಳನ್ನು ಪೆಟ್ಟಿಗೆಯ ಈ ಕಡೆಯಿಂದ ಆ ಕಡೆಗೆ ಹಾಕಬಲ್ಲರೆಂದು ಎಣಿಸಿದರು. ಕೈಗವಸಿನ ಪಂಗಡದ ಏಳಿಗೆ ಸರಾಸರಿ ೪.೬ ತುಂಡು, ಸುಮ್ಮನೆ ಮಿಡಿಯುವ ಯಂತ್ರದವರದು ೧.೮.

ಆದರೆ ಇದೊಂದನ್ನೇ ಹಿಡಿದು ಜಯಘೋಷ ಮಾಡುವಂತಿಲ್ಲ. ಅದೇ ವರ್ಷ ೧೨೨ ಮಂದಿಯ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಬೇರೆ ಬೇರೆ ಬಗೆಯ ವಿದ್ಯುತ್ತು ಪಡೆದ ಪಂಗಡಗಳೆಲ್ಲ ಸುಧಾರಿಸಿದುವು. ಅವುಗಳೊಳಗೆ ಹೆಚ್ಚುಕಡಿಮೆ ಕಾಣಲಿಲ್ಲ. ರೋಗದ ಮೊದಲ ತಿಂಗಳುಗಳಲ್ಲಿ ಪ್ರಕೃತಿ ತಾನೇ ಒಂದಿಷ್ಟು ಗುಣ ಕೊಡುವುದರಿಂದ, ಆ ಗುಣದಲ್ಲಿ ವಿದ್ಯುತ್ತಿನ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ. ಅಮೆರಿಕದ ಹೃದಯ ಮತ್ತು ಪಾರ್ಶ್ವವಾಯು ಸಂಘಗಳು ೨೦೧೬ರಲ್ಲಿ ಕೊಟ್ಟ ಸೂಚನೆಗಳಲ್ಲಿ, ಕೈಯಲ್ಲಿ ಸ್ವಂತ ಚಲನೆ ತೀರ ಅಲ್ಪವಾಗಿರುವವರಿಗೆ ಮೊದಲ ಕೆಲವು ತಿಂಗಳಲ್ಲಿ ಈ ಚಿಕಿತ್ಸೆ ಯುಕ್ತವೆಂದು ಹೇಳಿವೆ. ೨೦೨೧ರಲ್ಲಿ ಇನ್ನೊಂದು ಹೆಜ್ಜೆ: ಎದೆಯ ಚರ್ಮದ ಕೆಳಗೆ ಪುಟ್ಟ ಯಂತ್ರವನ್ನಿಟ್ಟು, ಕೈ ವ್ಯಾಯಾಮ ಮಾಡುವ ಆ ಗಳಿಗೆಯಲ್ಲಿಯೇ ಕತ್ತಿನ ವೇಗಸ್ ನರಕ್ಕೆ ಮಿಡಿತ ಕೊಡುವ ಕ್ರಮವನ್ನು ೧೦೮ ರೋಗಿಗಳ ಪರೀಕ್ಷೆಯ ಬಳಿಕ ಅಮೆರಿಕದ ಸರಕಾರ ಒಪ್ಪಿತು. ಅಲ್ಲಿ ವಿದ್ಯುತ್ತು ಕೈಯನ್ನು ಮುಟ್ಟುವುದೇ ಇಲ್ಲ. ರೋಗಿಯ ಪ್ರಯತ್ನಕ್ಕೆ ಮಿದುಳಿನಲ್ಲಿ ಒತ್ತು ಕೊಡುವುದಷ್ಟೇ ಅದರ ಕೆಲಸ. ಫ್ರಾಂಕ್ಲಿನನ ಸಂದೇಹ ಎಲ್ಲಿಗೆ ಬಂದು ಮುಟ್ಟಿತು ನೋಡಿರಿ!

ಈ ಇತಿಹಾಸದಿಂದ ನಮ್ಮ ಮನೆಗಳಿಗೆ ಆಗಬೇಕಾದ ಪ್ರಯೋಜನವೇನು? ಮೊದಲನೆಯದು, ಕೈಯ ಚಿಂತೆಗಿಂತ ಮಿದುಳಿನ ಚಿಂತೆ ಮೊದಲು. ಮುಖ ಓರೆಯಾಗಿ, ಕೈ ಸೋತು, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು ೧೦೮ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಕ್ಕೆ ನಾಲ್ಕೂವರೆ ಗಂಟೆಯ ಗಡುವುಂಟು. ತಕ್ಕವರಿಗೆ ಅದೂ ಎಷ್ಟು ಬೇಗನೆ ದೊರೆತರೆ ಅಷ್ಟು ಒಳ್ಳೆಯದು. ಎಣ್ಣೆ ತಿಕ್ಕಿಸುತ್ತ ಆ ಹೊತ್ತನ್ನು ಕಳೆದರೆ ಮತ್ತೆ ಬಾರದು. ಎರಡನೆಯದು, ವಿದ್ಯುಚ್ಚಿಕಿತ್ಸೆಯನ್ನು ಭೌತಚಿಕಿತ್ಸಕರ ಕೈಯಲ್ಲಿಯೇ ಆರಂಭಿಸಬೇಕು. ಹೃದಯಕ್ಕೆ ಪೇಸ್‌ಮೇಕರ್ ಇಟ್ಟವರು, ಬಸುರಿಯರು, ಅಪಸ್ಮಾರವಿರುವವರು ಮೊದಲೇ ತಿಳಿಸಬೇಕು. ಕತ್ತಿನ ಮುಂಭಾಗ, ಗಾಯ, ಗಂಟುಗಳ ಮೇಲೆ ವಿದ್ಯುದಗ್ರ ಸಲ್ಲದು. ಕೈಗೆ ಸ್ಪರ್ಶಜ್ಞಾನವೇ ಇಲ್ಲದಿದ್ದರೆ ಚರ್ಮ ಸುಟ್ಟರೂ ತಿಳಿಯದು. ಮನೆಯವರು ಕಣ್ಣಿಟ್ಟು ನೋಡಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪೆಟ್ಟಿಗೆಯ ತಂತಿ ಅಂಟಿಸಿ, ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಮನೆಯವರು ಬೇರೆ ಕೆಲಸಕ್ಕೆ ಹೋದರೆ ಆದುದು ಸ್ನಾಯುವಿನ ಕುಣಿತ ಮಾತ್ರ. ಪ್ರತಿಯೊಂದು ಮಿಡಿತದೊಡನೆ “ಬಿಚ್ಚಿ ಅಪ್ಪಾ, ನೀವೂ ಬಿಚ್ಚಿ” ಎಂದು ಹತ್ತಿರ ಕುಳಿತು ಹೇಳುವವರು ಬೇಕು. ವಿದ್ಯುತ್ತು ನಿಂತ ಮೇಲೆ ಆ ಕೈಗೆ ಒಂದು ಲೋಟ, ಒಂದು ಸೌಟು, ಒಂದು ಹಿಡಿ ಮಲ್ಲಿಗೆ ಮೊಗ್ಗು – ಅದು ಬಲ್ಲ ಕೆಲಸ ಯಾವುದೋ ಅದನ್ನು ಕೊಡಬೇಕು. ಹೀಗೆ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯಬೇಕು. ಎಲ್ಲ ಕೈಗಳೂ ಮೊದಲಿನಂತಾಗುವುವೆಂದು ಯಾರೂ ಮಾತು ಕೊಡಲಾರರು. ಮಿದುಳಿಗಾದ ಪೆಟ್ಟು ದೊಡ್ಡದಾದರೆ ಬೆರಳುಗಳು ಮರಳಿ ಬಾರದೆಯೇ ಉಳಿಯಬಹುದು. ಹಾಗಾದರೂ ಮುಷ್ಟಿ ಬಿಗಿಯದಂತೆ, ಭುಜ ಜಾರದಂತೆ ನೋಡಿಕೊಂಡರೆ ಸ್ನಾನಕ್ಕೆ, ಅಂಗಿ ತೊಡುವುದಕ್ಕೆ ಅನುಕೂಲವಾಗುವುದು. ಅದೂ ಸಣ್ಣ ಲಾಭವಲ್ಲ.

ಫ್ರಾಂಕ್ಲಿನನ ರೋಗಿಗಳು ಐದನೆಯ ದಿನದ ಬಳಿಕ ಏಳಿಗೆ ಕಾಣದೆ ಬೇಸತ್ತು ಮನೆಗೆ ಹೋದರು. ಮುಂದಿನ ದಿನಗಳಲ್ಲಿ ಏನು ಮಾಡಬೇಕೆಂದು ಹೇಳುವವರು ಅಂದು ಇರಲಿಲ್ಲ. ಇಂದು ನಮ್ಮ ಊರಿನಲ್ಲಿ ಇದ್ದಾರೆ. ಐದು ದಿನ ನೋಡಿ ಕೈಬಿಡುವ ಮನೆಯವರು ಆರನೆಯ ದಿನವೂ ರೋಗಿಯನ್ನು ಕರೆದುಕೊಂಡು ಬಂದರೆ ಅವರ ವಿದ್ಯೆಗೂ ಸಾರ್ಥಕ್ಯ, ರೋಗಿಗೂ ಹಿತ.